ಪಗ್ ಮಾತ್ರ ನಾನಾಗಿ ತರುತ್ತಿರಲಿಲ್ಲ

ಮೊದಲ ಸಲ ನಾಯಿ ಸಾಕುವವರು ಚಳಿ ದೇಶದ ಹಸ್ಕಿ ತರಬೇಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿ. ಪಗ್ ಹೆಸರನ್ನೂ ಸೇರಿಸಿಬಿಡಿ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುತ್ತಿದ್ದ ಆ ನಾಯಿ ನೋಡಿಯೇ ಎಷ್ಟೋ ಮನೆಗೆ ಪಗ್ ಬಂತು, ಅಲ್ವಾ?

ನಮ್ಮದು ನಾವು ಆರಿಸಿದ್ದಲ್ಲ. ಅಕ್ಕ ದುಬೈಗೆ ಹೋಗುವಾಗ ಬಿಟ್ಟುಹೋದದ್ದು. ನಾಯಿಗಳು ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಈ ಚಪ್ಪಟೆ ಮೂತಿಗೆ ಅದೂ ಕಷ್ಟ. ಏಪ್ರಿಲ್‌ನಲ್ಲಿ ಬೆಳಗ್ಗೆ ಆರೂವರೆ ಒಳಗೆ ವಾಕಿಂಗ್ ಮುಗಿಯಬೇಕು. ಮೂಗಿನ ಮೇಲಿನ ಮಡಿಕೆಯಲ್ಲಿ ಕೊಳೆ ಕೂರುತ್ತದೆ. ಒದ್ದೆ ಹತ್ತಿಯಲ್ಲಿ ದಿನಾ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒತ್ತಬೇಕು. ಎರಡು ದಿನ ಬಿಟ್ಟರೆ ಹಳಸಿದ ಹಿಟ್ಟಿನ ವಾಸನೆ. ಗೊರಕೆಯಲ್ಲಿ ನಮ್ಮಪ್ಪನನ್ನೂ ಮೀರಿಸಿದೆ! ಪ್ರೀತಿಗೇನೂ ಕಮ್ಮಿ ಇಲ್ಲ ಬಿಡಿ. ಚಪ್ಪಲಿ ಬಿಚ್ಚುವ ಮೊದಲೇ ಕಾಲಿಗೆ ಸುತ್ತಿಕೊಳ್ಳುತ್ತದೆ.

ಲೇಖನದ ಕೊನೆಯಲ್ಲಿ ‘ಮುಧೋಳ ಸಾಕಿ’ ಅಂದಿದ್ದೀರಿ. ಹೆಮ್ಮೆ ನಮಗೂ ಇದೆ, 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಅದು. ಆದರೆ ಮೊಲ ಅಟ್ಟುವ ಬೇಟೆ ನಾಯಿ ಸ್ವಾಮಿ, ಬಯಲಲ್ಲಿ ಓಡೋದಕ್ಕೇ ಹುಟ್ಟಿದ್ದು. ಮೂರನೇ ಮಹಡಿಯ ಫ್ಲಾಟಿನಲ್ಲಿ ಸುಮ್ನೆ ಕೂರಿಸಿದರೆ ಸೋಫಾ ಉಳಿಯುತ್ತದಾ? ಹೊಲ ಇದ್ದವರು ಖಂಡಿತ ಸಾಕಲಿ.

ನನಗೆ ನಮ್ಮ ಬೀದಿಯ ಮರಿಯೇ ಸಾಕು. ಲಸಿಕೆ ಹಾಕಿಸಿ, ಮೊಸರನ್ನ ಹಾಕಿದರೆ ತಟ್ಟೆ ನೆಕ್ಕಿ ಇಡುತ್ತದೆ. ಆದರೆ ಸದ್ಯಕ್ಕೆ ಈ ಗೊರಕೆರಾಯನನ್ನು ನೋಡಿಕೊಳ್ಳಬೇಕಲ್ಲ!