ಹೊರಗಿನ ಭಾಷಣಕಾರರಿಗೆ ನಿಷೇಧವಿಲ್ಲ, ಅನುಮತಿ ಬೇಕು: ಒಂದು ಸ್ಪಷ್ಟನೆ

"ವಿದ್ಯಾರ್ಥಿ ಸಂಘಗಳು ಕ್ಯಾಂಪಸ್ಸಿಗೆ ಹೊರಗಿನವರನ್ನು ಭಾಷಣಕ್ಕೆ ಕರೆಸುವ ಹಾಗಿಲ್ಲ, ಕಾನೂನೇ ಬೇಡ ಅಂದಿದೆ" ಎಂಬ ಮೆಸೇಜ್ ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆ ಕಡೆ ಓಡಾಡುತ್ತಿದೆ. ಇದು ತಪ್ಪು.

ಮಂಗಳೂರು ವಿಶ್ವವಿದ್ಯಾನಿಲಯ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಂತೆ. ಅದರಲ್ಲಿ ಅಂಥ ನಿಷೇಧವಿಲ್ಲ. ಮಾತಾಡುವ, ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಹಾಗಂತ ಸಭಾಂಗಣದ ಕೀಲಿಕೈ ನಮ್ಮ ಕೈಗೆ ಬಂತು ಅಂತಲ್ಲ. ಆವರಣದೊಳಗೆ ಸಭೆ ಮಾಡಲು ಆಡಳಿತದ ಒಪ್ಪಿಗೆ ಬೇಕು.

ಈ ಒಪ್ಪಿಗೆಗೆ ವಿದ್ಯಾರ್ಥಿ ಸಂಘದವರಾದ ನಾವು ಕೊಡುವ ಅರ್ಜಿ ಒಂದೇ ಪುಟದ್ದು. ಅತಿಥಿಯ ಹೆಸರು, ವಿಷಯ, ದಿನ, ಹಾಲ್, ಎಷ್ಟು ಜನ. ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ, ಮೂಲೆಯಲ್ಲಿ ನೀಲಿ ಸೀಲು. ಅದರ ಒಂದು ಪ್ರತಿ ಗೇಟಿನ ಸೆಕ್ಯುರಿಟಿಯವರ ಹತ್ತಿರವೂ ಇರಲಿ. ಇಲ್ಲದಿದ್ದರೆ ಅತಿಥಿ ಮಳೆಯಲ್ಲಿ ಕೊಡೆ ಹಿಡಿದು ಹೊರಗೇ ನಿಲ್ಲಬೇಕಾಗುತ್ತದೆ, ಪಾಪ.

ಬಯಲಿನಲ್ಲಿ ಮೈಕ್ ಹಾಕುವುದಾದರೆ ಶಬ್ದ ಮಾಲಿನ್ಯ ನಿಯಮದಂತೆ ಲಿಖಿತ ಅನುಮತಿ ಬೇರೆ ಬೇಕು.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೇಳಿ. ಯಾರೋ ಬಾಯಲ್ಲಿ ಹೇಳಿದ "ಬೇಡ"ವನ್ನೇ ಕಾನೂನು ಅಂದುಕೊಂಡು ಸುಮ್ನೆ ಕೂರಬೇಡಿ. ಸರ್ಕಾರಿ ವಿಶ್ವವಿದ್ಯಾನಿಲಯವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಯಮದ ಪ್ರತಿಯನ್ನೂ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ.