ಪಾಪದ ನಾಲಿಗೆಗೆ ಯಾಕೆ ಬೈತೀರಿ?

ನಿನ್ನೆ ಸಾಗರದ ಹತ್ತಿರ ಒಂದು ಗೃಹಪ್ರವೇಶದ ಊಟ. ನಮ್ಮ ಅತ್ತೆಗೆ ಶುಗರ್ ಇದೆ. ತಂಬುಳಿ, ಸಾರು, ಹುಳಿ ಎಲ್ಲ ಮುಗಿಸಿ ‘ಸಾಕಪ್ಪಾ’ ಅಂತ ಎಲೆಗೆ ಕೈ ಅಡ್ಡ ಹಿಡಿದಿದ್ದರು. ಕಾಯಿ ಹೋಳಿಗೆ ಬಂತು. ಕೈ ತಾನಾಗಿ ಸರಿಯಿತು.

ಎದುರು ಪಂಕ್ತಿಯಿಂದ ಒಬ್ಬ ಮಹಾಶಯರು, “ಸಾಕು ಅಂದವರಿಗೂ ಹೋಳಿಗೆಗೆ ಮಾತ್ರ ಜಾಗ ಇರ್ತದೆ ನೋಡಿ. ಬಾಯಿ ಚಪಲ!” ಅಂದರು. ಎಲ್ಲರೂ ನಕ್ಕರು. ಅತ್ತೆ ಹೋಳಿಗೆಯನ್ನು ಎಲೆಯ ಅಂಚಿಗೆ ತಳ್ಳಿದರು.

ಸ್ವಾಮಿ, ಅದು ಚಪಲ ಅಲ್ಲ. ಜರ್ಮನಿಯ ಕಲೋನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2025ರಲ್ಲಿ ಇದನ್ನೇ ಇಲಿಗಳಲ್ಲಿ ತೋರಿಸಿದರು. ‘ಹೊಟ್ಟೆ ತುಂಬಿತು’ ಅಂತ ಹೇಳುವ ನರಕೋಶಗಳು ಮೆದುಳಲ್ಲಿವೆ. ಸಕ್ಕರೆ ಸುಳಿವು ಸಿಕ್ಕರೆ ಅವೇ ಕೋಶಗಳು ಬೀಟಾ ಎಂಡಾರ್ಫಿನ್ ಬಿಡುತ್ತವೆ. ಅದು ಮೆದುಳು ತಾನೇ ತಯಾರಿಸುವ ಅಫೀಮು ಅನ್ನಿ. ಸಾಕು ಅನ್ನುವ ಬಾಯಲ್ಲೇ ಇನ್ನೊಂದು ಬಡಿಸು ಅಂದ ಹಾಗೆ! ಆ ಎಂಡಾರ್ಫಿನ್ನಿನ ದಾರಿ ಕಟ್ಟಿದರೆ ಹೊಟ್ಟೆ ತುಂಬಿದ ಇಲಿ ಸಕ್ಕರೆ ಬಿಟ್ಟಿತು. ಹಸಿದ ಇಲಿಗೆ ಏನೂ ವ್ಯತ್ಯಾಸ ಆಗಲಿಲ್ಲ.

ಇನ್ನು ಡೋಪಮಿನ್ ಅಂತ ಮೆದುಳಿನ ಇನ್ನೊಂದು ರಾಸಾಯನಿಕ. ತಿಂದ ಖುಷಿಗಿಂತ ತಿನ್ನುವ ಆಸೆಗೇ ಅದರ ನಂಟು ಜಾಸ್ತಿ. ಹೋಳಿಗೆ ತಟ್ಟೆ ಪಂಕ್ತಿಯ ಆ ತುದಿಯಲ್ಲಿ ಕಂಡರೆ ಸಾಕು, ಎದ್ದು ಕೂರುತ್ತದೆ.

ಬೈಗುಳ ಮಾತ್ರ ನಾಲಿಗೆಗೆ! ಸಿಹಿ ರುಚಿಯೇ ಗೊತ್ತಾಗದ ಇಲಿಗಳೂ ಸ್ವಲ್ಪ ದಿನದಲ್ಲಿ ಸಕ್ಕರೆ ನೀರನ್ನೇ ಹುಡುಕಿ ಹೋಗುತ್ತವೆ. ಸುದ್ದಿ ಕರುಳಿನಿಂದಲೇ ಮೆದುಳಿಗೆ ಮುಟ್ಟುತ್ತದೆ. ನಮ್ಮನೆ ಬೆಕ್ಕು ಹೋಳಿಗೆ ಮೂಸಿ ಹೋಗುತ್ತದೆ, ಯಾಕೆಂದರೆ ಬೆಕ್ಕುಗಳಲ್ಲಿ ಸಿಹಿ ಹಿಡಿಯುವ ಜೀನ್ ಕೆಟ್ಟಿದೆ. ಹುಲಿಗೂ ಅಷ್ಟೇ. ಹಾಗಂತ ಬೆಕ್ಕನ್ನು ಯಾರಾದರೂ ಮಹಾ ಸಂಯಮಿ ಅಂತಾರಾ?

‘ಹಾಗಾದರೆ ಮನಸ್ಸಿಗೆ ಹಿಡಿತವೇ ಬೇಡವಾ’ ಅಂತ ಕೇಳುವವರು ಇರುತ್ತೀರಿ. ಬೇಕು ಮಾರಾಯ್ರೆ. ಶುಗರ್ ಇದ್ದವರು ಸಿಕ್ಕಾಪಟ್ಟೆ ತಿನ್ನಲಿ ಅಂತ ನಾನೆಲ್ಲಿ ಹೇಳಿದೆ? ಆದರೆ ಪಾಠ ಹೇಳಿದ ಮಹಾಶಯರ ಎಲೆಯಲ್ಲಿ ನಾಲ್ಕನೇ ಹೋಳಿಗೆ ಇತ್ತು. ಮೇಲೆ ಎರಡು ಮಿಳ್ಳೆ ತುಪ್ಪ. ಅದು ಚಪಲ ಅಲ್ಲ, ಅದು ರಸಿಕತೆ!

ನಾನೇನು ಸಾಚಾ ಅಲ್ಲ. ಪಂಕ್ತಿ ನಕ್ಕಾಗ ನಾನೂ ನಕ್ಕೆ. ರಾತ್ರಿ ಹನ್ನೊಂದಕ್ಕೆ ಲೈಟೂ ಹಾಕದೆ ಜೋನಿ ಬೆಲ್ಲದ ಡಬ್ಬಕ್ಕೆ ಬೆರಳು ಅದ್ದಿದೆ. ನಾಲ್ಕು ಸಲ.

ಅತ್ತೆಗೆ ಇನ್ನೂ ಫೋನ್ ಮಾಡಿಲ್ಲ.