ಊಟಕ್ಕೆ ಕಿಲ್‌ಗೆ ಬನ್ನಿ

ಐರ್ಲೆಂಡಿನಲ್ಲಿ ನಾವಿರುವ ಊರಿನ ಹೆಸರು ಕಿಲ್. ಡಬ್ಲಿನ್‌ನಿಂದ ನೇಸ್ ಕಡೆ ಹೋಗುವ ಎನ್7 ಹೆದ್ದಾರಿಯ ಪಕ್ಕದಲ್ಲೇ ಇದೆ, ಕಿಲ್ಡೇರ್ ಕೌಂಟಿಗೆ ಸೇರಿದ್ದು. ಈ ದೇಶದ ರಸ್ತೆ ಫಲಕಗಳಲ್ಲಿ ಐರಿಷ್ ಹೆಸರು ಮೇಲುಗಡೆ ಓರೆ ಅಕ್ಷರದಲ್ಲಿ ವಿನಯವಾಗಿ ಕೂತಿರುತ್ತದೆ. ಅದರ ಕೆಳಗೆ ಇಂಗ್ಲಿಷ್ ಹೆಸರು, ಪೂರಾ ದೊಡ್ಡಕ್ಷರದಲ್ಲಿ. ಹಾಗಾಗಿ ನಮ್ಮೂರಿನ ಫಲಕ ದಾರಿಹೋಕರಿಗೆ ದಾರಿ ತೋರಿಸುವುದಿಲ್ಲ, ಸುಪಾರಿ ಕೊಡುತ್ತದೆ.

ಬೆಳಗಾವಿಯಲ್ಲಿರುವ ಅವ್ವನಿಗೆ ಮಾತ್ರ ಈ ಹೆಸರಿನಿಂದ ಭಾರಿ ಖುಷಿ. ಫೋನಿನಲ್ಲಿ ಕಿಲ್ ಅಂದದ್ದು ಆಕೆಗೆ ಕಿಲ್ಲಾ ಅಂತ ಕೇಳಿಸಿದೆ. ಬೆಳಗಾವಿಯವರಿಗೆ ಕಿಲ್ಲಾ ಅಂದರೆ ಕೋಟೆ, ಅದರಲ್ಲಿ ಎರಡು ಮಾತಿಲ್ಲ.

“ಕಿಲ್ಲಾದಾಗ ಮನಿ ಬಾಡಿಗಿ ಕೊಡ್ತಾರೇನೋ ತಮ್ಮಾ? ಸುತ್ತ ಕಂದಕ ಐತೇನ?”

“ಕಂದಕ ಇಲ್ಲವ್ವಾ, ಹೈವೇ ಐತಿ.”

“ಕುದುರಿ?”

ಇಲ್ಲಿ ಸುಳ್ಳು ಹೇಳುವ ಹಾಗಿರಲಿಲ್ಲ. ಗಾಫ್ಸ್ ಎಂಬ ಹೆಸರಾಂತ ಸಂಸ್ಥೆ ಓಟದ ಕುದುರೆಗಳನ್ನು ಹರಾಜು ಹಾಕುವುದು ನಮ್ಮ ಕಿಲ್‌ನಲ್ಲೇ. ಜಗತ್ತಿನ ಶ್ರೀಮಂತರೆಲ್ಲ ಕುದುರೆ ಕೊಳ್ಳಲು ಇಲ್ಲಿಗೆ ಬರುತ್ತಾರೆ. ಕುದುರೆ ಇದಾವೆ ಅಂದೆ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು.

ತಾಯ್ನಾಡಿನ ಬ್ಯಾಂಕೊಂದಕ್ಕೆ ವಿಳಾಸ ಬದಲಿಸಲು ಫೋನು ಮಾಡಿದ್ದು ಇಷ್ಟು ಸಲೀಸಾಗಲಿಲ್ಲ. “ಊರು ಸರ್?” “ಕಿಲ್.” “ಸರ್?” “ಕೆ ಫಾರ್ ಕೈಟ್, ಐ ಫಾರ್ ಇಂಡಿಯಾ, ಎಲ್, ಎಲ್.” ಲೈನಿನಲ್ಲೇ ಇರಿ ಅಂತ ಹೋದ ಹುಡುಗಿ ತನ್ನ ಮೇಲಧಿಕಾರಿಯನ್ನು ಕರೆತಂದಳು. ಆತ ಬಲು ಮೆದು ದನಿಯಲ್ಲಿ, “ಸರ್, ನಮ್ಮ ಸೇವೆಯಲ್ಲಿ ಏನಾದರೂ ಬೇಸರವಾಗಿದೆಯಾ? ಸಮಾಧಾನವಾಗಿ ಹೇಳಿ” ಅಂದರು.

ಊರಿಗೂ ಕೊಲೆಗೂ ಸಂಬಂಧವೇ ಇಲ್ಲ ಅಂತ ಅವರಿಗೆ ಹೇಗೆ ಹೇಳಲಿ? ಐರಿಷ್ ನುಡಿಯಲ್ಲಿ ಕಿಲ್ ಅಂದರೆ ಚಿಕ್ಕ ಚರ್ಚು. ಸನ್ಯಾಸಿಯ ಕೋಣೆಗೆ ಲ್ಯಾಟಿನ್‌ನಲ್ಲಿರುವ ‘ಕೆಲ್ಲಾ’ ಎಂಬ ಮಾತಿನಿಂದ ಬಂದದ್ದು. ಐರ್ಲೆಂಡಿನಲ್ಲಿ ಕಾಲಿಟ್ಟಲ್ಲೆಲ್ಲ ಸಂತರಿದ್ದರು, ಸಂತರಿದ್ದಲ್ಲೆಲ್ಲ ಕಿಲ್ ಎದ್ದಿತು. ಕಿಲ್ಡೇರ್ ಅಂದರೆ ಓಕ್ ಮರದ ಚರ್ಚು, ಸಂತ ಬ್ರಿಜಿಡ್‌ಳ ಜಾಗ. ಕಿಲ್‌ಕೆನಿ ಸಂತ ಕ್ಯಾನಿಸ್‌ನ ಚರ್ಚು. ಇದನ್ನೆಲ್ಲ ಆಂಗ್ಲ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. 1824ರಲ್ಲಿ ಶುರುವಾದ ಆರ್ಡನೆನ್ಸ್ ಸರ್ವೆ ದೇಶವನ್ನೆಲ್ಲ ಅಳೆದು, 1846ರ ಹೊತ್ತಿಗೆ ಆ ಕಾಗುಣಿತವನ್ನೇ ನಕ್ಷೆಯಲ್ಲಿ ಗಟ್ಟಿಮಾಡಿತು. ಜಾನ್ ಓ’ಡೊನೊವನ್ ಎಂಬ ವಿದ್ವಾಂಸ ಪಾಪ, ಸರ್ವೆಗಾಗಿ ಮಳೆಯಲ್ಲಿ ಊರೂರು ತಿರುಗಿ, ಐರಿಷ್ ಬಲ್ಲ ಮುದುಕರನ್ನು ಹಿಡಿದು ಮೂಲ ಹೆಸರು ಕೇಳಿ ಬರೆದಿಟ್ಟ. ಬರೆದಿಟ್ಟದ್ದು ದಾಖಲೆಗೆ ಹೋಯಿತು, ಫಲಕಕ್ಕೆ ಹೋದದ್ದು ಮಾತ್ರ ಕಿಲ್ಲೇ.

ಇನ್ನೂ ಒಂದು ಗೋಜಲುಂಟು. ಐರಿಷ್‌ನಲ್ಲಿ ಕಾಡಿಗೆ ‘ಕ್ವಿಲ್’ ಎನ್ನುವಂಥ ಪದವಿದೆ. ಅದೂ ಇಂಗ್ಲಿಷಿನ ಬಾಯಿಗೆ ಸಿಕ್ಕಿ ಎಷ್ಟೋ ಕಡೆ ಕಿಲ್ ಆಯಿತು. ವಾಟರ್‌ಫೋರ್ಡ್ ಕೌಂಟಿಯ ಕಿಲ್‌ಮ್ಯಾಕ್‌ಥಾಮಸ್‌ನಲ್ಲಿರುವುದು ಚರ್ಚಲ್ಲ, ಕಾಡು. ಅಂತೂ ಗುಡಿಯೂ ತೋಪೂ ಎರಡೂ ಒಂದೇ ಕೊಲೆ ಪ್ರಕರಣದಲ್ಲಿ ಸಿಕ್ಕಿಬಿದ್ದಿವೆ.

ಆ ಕಿಲ್‌ಮ್ಯಾಕ್‌ಥಾಮಸ್ ಹತ್ತಿರ ಇನ್ನೊಂದು ಹಳ್ಳಿಯಿದೆ. ಅದರ ಹೆಸರೂ ಕಿಲ್.

ಯುಗಾದಿಯ ನಂತರದ ಭಾನುವಾರ ನಾಲ್ಕು ಕನ್ನಡದ ಮನೆಗಳನ್ನು ಹೋಳಿಗೆ ಊಟಕ್ಕೆ ಕರೆದಿದ್ದೆವು. ಮೂರು ಮನೆಯವರು ಬಂದರು. ನಾಲ್ಕನೆಯವನು ಮೈಸೂರು ಕಡೆಯ ಗೆಳೆಯ, ಡಬ್ಲಿನ್‌ಗೆ ಹೊಸಬ. ಅವನಿಗೆ ಎರ್‌ಕೋಡ್ ಕೂಡ ಕಳಿಸಿದ್ದೆ. 2015ರಲ್ಲಿ ಬಂದ ಈ ಏಳಕ್ಷರದ ಸಂಕೇತ ಮನೆಮನೆಗೂ ಬೇರೆಬೇರೆ, ಒತ್ತಿದರೆ ಸೀದಾ ಬಾಗಿಲಿಗೇ ತಂದು ನಿಲ್ಲಿಸುತ್ತದೆ. “ವೈಫೈ ಪಾಸ್‌ವರ್ಡ್ ಅಂದ್ಕೊಂಡೆ ಗುರೂ” ಅಂದ ಆಮೇಲೆ. ಮ್ಯಾಪಿನಲ್ಲಿ ಬರೀ ಕಿಲ್ ಅಂತ ಹಾಕಿದ್ದಾನೆ, ಅದು ವಾಟರ್‌ಫೋರ್ಡಿನದನ್ನು ಆರಿಸಿಕೊಟ್ಟಿದೆ.

ಸಂಕಟವೆಂದರೆ ಡಬ್ಲಿನ್‌ನಿಂದ ಅಲ್ಲಿಗೆ ಹೋಗುವ ದಾರಿಯೂ ಎನ್7 ಮೂಲಕವೇ. ನಮ್ಮ ಕುಕ್ಕರಿನ ಸೀಟಿ ಕೇಳಿಸುವಷ್ಟು ಹತ್ತಿರದಲ್ಲಿ ಅವನ ಕಾರು ಹಾದುಹೋಗಿದೆ. ಅವನ ಹೆಂಡತಿ ಫಲಕ ನೋಡಿ, “ರೀ, ಕಿಲ್ ಅಂತ ಬೋರ್ಡಿತ್ತಲ್ಲ?” ಅಂದಿದ್ದಾಳೆ.

“ಇಲ್ಲಿ ಎಲ್ಲಾ ಕಿಲ್ಲೇ ಕಣೆ. ಮ್ಯಾಪ್ ಹೇಳಿದಾಗ ಇಳಿಯೋಣ.”

ಮುಂದೆ ಕಿಲ್‌ಕಲ್ಲನ್ ಬಂತು. ಆಮೇಲೆ ಕಿಲ್‌ಕೆನಿ ಕಡೆಗೆ ತಿರುಗುವ ಫಲಕ. ವಾಟರ್‌ಫೋರ್ಡ್ ನಗರ ದಾಟಿದ ಮೇಲೆ ಕಿಲ್‌ಮೀಡನ್, ಹಿಂದೆಯೇ ಕಿಲ್‌ಮ್ಯಾಕ್‌ಥಾಮಸ್. ಒಂದೊಂದು ಫಲಕ ಬಂದಾಗಲೂ “ನಾನು ಹೇಳಲಿಲ್ವಾ?” ಅಂತ ಹೆಂಡತಿಯ ಮುಖ ನೋಡಿದನಂತೆ. ಇಷ್ಟು ಪುರಾವೆ ಸಿಕ್ಕಿದರೆ ಯಾವ ಗಂಡ ತಾನೇ ಕಾರು ತಿರುಗಿಸುತ್ತಾನೆ?

ಎರಡು ಗಂಟೆಗೂ ಮೀರಿ ಓಡಿಸಿ, ಸಮುದ್ರದ ಗಾಳಿ ಬೀಸತೊಡಗಿದಾಗ ಅನುಮಾನ ಬಂದು, ಪಬ್ಬಿನ ಮುಂದೆ ನಿಂತಿದ್ದ ಒಬ್ಬ ಅಜ್ಜನಿಗೆ ನಮ್ಮ ಬಡಾವಣೆಯ ಹೆಸರು ತೋರಿಸಿ ಕೇಳಿದ. ಅಜ್ಜ ನಿಧಾನಕ್ಕೆ ಓದಿ, “ಕಿಲ್ ಏನೋ ಸರಿಯಾಗೇ ಸಿಕ್ಕಿದೆ ನಿಮಗೆ. ಕೌಂಟಿ ಮಾತ್ರ ಒಂಚೂರು ಆಚೀಚೆ” ಅಂದನಂತೆ. ಐರಿಷರಿಗೆ ನೂರೈವತ್ತಕ್ಕೂ ಮೀರಿದ ಕಿಲೋಮೀಟರು ಒಂಚೂರು.

ಕತ್ತಲಾಗುವ ಹೊತ್ತಿಗೆ ನಮ್ಮ ಮನೆ ಮುಟ್ಟಿದರು. ಹೋಳಿಗೆಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಬಡಿಸಿದೆವು. ಅದು ಹಪ್ಪಳದಂತೆ ಮುರಿಯಿತು, ಇಬ್ಬರೂ ಕಮಕ್ ಕಿಮಕ್ ಅನ್ನದೆ ತಿಂದರು. “ವಾಪಸ್ ಬರುವಾಗ ಇವಳು ಒಂದು ಮಾತೂ ಆಡಲಿಲ್ಲ” ಅಂತ ಅವನು ನನ್ನ ಕಿವಿಯಲ್ಲಿ ಗೊಣಗಿದ. ಆಕೆ ಕೇಳಿಸಿಕೊಂಡಳು. “ಆಡಿದೆನಲ್ಲ. ಊರಿನ ಹೆಸರನ್ನ ಎರಡು ಸಲ ಹೇಳಿದೆ.”

ಈಗ ಅವರು ಸ್ವಂತ ಮನೆ ಕೊಂಡಿದ್ದಾರೆ, ನಮ್ಮ ಕೌಂಟಿಯಲ್ಲೇ, ಕಿಲ್‌ಕಾಕ್ ಎಂಬಲ್ಲಿ. ಕೋಕಾ ಎಂಬ ಸನ್ಯಾಸಿನಿಯ ಚರ್ಚು ಅಂತ ಅರ್ಥ. ಆಕೆ ಸಂತ ಕೊಲಂಬನ ನಿಲುವಂಗಿಗಳಿಗೆ ಕಸೂತಿ ಹಾಕಿಕೊಡುತ್ತಿದ್ದಳೆಂದು ಪ್ರತೀತಿ. ಗೃಹಪ್ರವೇಶದ ಆಹ್ವಾನಪತ್ರಿಕೆ ಅಚ್ಚಿಗೆ ಹೋಗದೆ ಕೂತಿದೆ. ಅವನ ಅತ್ತೆ ನಿವೃತ್ತ ಇಂಗ್ಲಿಷ್ ಮೇಡಂ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮನೆಯೊಳಗೆ ಬಿಡದವರು. ಅಳಿಯ ಮನೆ ಕೊಂಡ ಊರಿನ ಹೆಸರೇ ಹುಂಜ ಕೊಲ್ಲು ಅಂತ ಅವರಿಗೆ ಹೇಳುವವರು ಯಾರು ಎಂಬುದಿನ್ನೂ ಗಂಡಹೆಂಡಿರ ನಡುವೆ ಇತ್ಯರ್ಥವಾಗಿಲ್ಲ.